ಮಂಡಿ ಹೊಸದು, ತೊಡೆಯ ಸ್ನಾಯು ಹಳೆಯದು

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದೆ, ಸದ್ಯ ಹತೋಟಿಯಲ್ಲಿದೆ. ಐದು ವಾರದ ಹಿಂದೆ ಬಲ ಮಂಡಿಯ ಬದಲಿ ಶಸ್ತ್ರಚಿಕಿತ್ಸೆ ಆಯಿತು. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ. ಆದರೆ ರಾತ್ರಿ ಎರಡು ಗಂಟೆಗೆ ನೋವೆಂದು ಎದ್ದು ಕೂರುತ್ತಾರೆ. ಮಂಡಿ ಮುಟ್ಟಿದರೆ ಬೆಚ್ಚಗಿದೆ, ಹೊಲಿಗೆಯ ಹೊರಬದಿ ಮರಗಟ್ಟಿದಂತಿದೆ. ಮಡಚುವುದು 85 ಡಿಗ್ರಿಗೆ ನಿಂತುಹೋಗಿದೆ. ಪೂರ್ತಿ ನೇರವೂ ಆಗುವುದಿಲ್ಲ. ಹಾಗಾಗಿ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಿಸುತ್ತೇವೆ. ಕಿಡ್ನಿ ಹಾಳಾದೀತೆಂದು ನೋವಿನ ಮಾತ್ರೆಗಳನ್ನು ಎರಡು ವಾರಕ್ಕೇ ನಿಲ್ಲಿಸಿದೆವು. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಒತ್ತಿ ಮಡಚುವಾಗ ಅಮ್ಮ ಅಳುತ್ತಾರೆ. ಅದೇ ವಾರ ಆಪರೇಷನ್ ಆದ ಪಕ್ಕದ ಬೀದಿಯವರು ಕೋಲಿಲ್ಲದೆ ದೇವಸ್ಥಾನಕ್ಕೆ ಹೋಗಿಬರುತ್ತಿದ್ದಾರೆ. ನಮ್ಮ ತಾಯಿಯ ಆಪರೇಷನ್ ಕೆಟ್ಟಿತೇ? ಮುಂದೆ ನೆಲದ ಮೇಲೆ ಕೂತು ಪೂಜೆ ಮಾಡಬಹುದೇ, ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಬಹುದೇ? ಎಡ ಮಂಡಿಯದ್ದು ಯಾವಾಗ ಮಾಡಿಸಬೇಕು?
(ಓದುಗರೊಬ್ಬರು, ಚನ್ನರಾಯಪಟ್ಟಣ)

ಉತ್ತರ: ಪತ್ರ ಓದಿ ಮಂಡಿಯನ್ನು ಪರೀಕ್ಷಿಸಲಾಗದು. ಆದರೂ ನೀವು ಬರೆದಿರುವುದರಲ್ಲಿ ಆಪರೇಷನ್ ಕೆಟ್ಟಿದೆ ಎನ್ನುವಂಥ ಲಕ್ಷಣ ಒಂದೂ ಕಾಣಲಿಲ್ಲ. ಐದನೇ ವಾರದಲ್ಲಿ ರಾತ್ರಿ ನೋವು, ಬೆಚ್ಚಗಿರುವ ಚರ್ಮ, ಹೊರಬದಿಯ ಮರಗಟ್ಟುವಿಕೆ ಇವೆಲ್ಲ ದಿನನಿತ್ಯ ನೋಡುವಂಥವು. ಮನೆಯಲ್ಲಿ ಮಾತ್ರ ಮೂರು ಸಂಗತಿ ದಾರಿ ತಪ್ಪಿವೆ: ಮಂಡಿಯ ಕೆಳಗಿನ ದಿಂಬು, ಒಮ್ಮೆಲೇ ನಿಲ್ಲಿಸಿದ ಮಾತ್ರೆ, ಅಳಿಸಿ ಮಾಡಿಸುವ ವ್ಯಾಯಾಮ. ಮೂರನ್ನೂ ಈ ವಾರವೇ ಸರಿಪಡಿಸಬಹುದು. 85 ಡಿಗ್ರಿಯ ವಿಚಾರವನ್ನು ಮಾತ್ರ ಇನ್ನೂ ತಳ್ಳುತ್ತ ಕೂರುವಂತಿಲ್ಲ. ಅದಕ್ಕೊಂದು ಗಡುವಿದೆ, ಮುಂದೆ ಹೇಳುತ್ತೇನೆ.

ಮೊದಲು ಒಳಗೆ ಏನಾಗಿದೆ ಎಂಬುದು ತಿಳಿದಿರಲಿ. ತೊಡೆಮೂಳೆಯ ತುದಿಯನ್ನೂ ಮಂಡಿಯ ಕೆಳಗಿನ ಕಾಲಿನ ಮೂಳೆಯ ಮೇಲ್ಭಾಗವನ್ನೂ ಸುಮಾರು 8ರಿಂದ 10 ಮಿಲಿಮೀಟರ್ ಕತ್ತರಿಸಿ, ಮೇಲಿನದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಲೋಹದ ಕವಚ, ಕೆಳಗಿನದಕ್ಕೆ ಟೈಟಾನಿಯಂ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಬಿಲ್ಲೆ ಕೂರಿಸುತ್ತಾರೆ. ಅಲ್ಲಿಗೆ ತಲುಪಲು ಚರ್ಮ, ಅದರಡಿಯ ಪದರ, ಕೀಲಿನ ಚೀಲ ಎಲ್ಲವನ್ನೂ ಸೀಳಿ ಮಂಡಿಚಿಪ್ಪನ್ನು ಪಕ್ಕಕ್ಕೆ ಸರಿಸಬೇಕು. ಸವೆದ ಮೂಳೆ ಮೂಳೆಗೆ ತಿಕ್ಕುತ್ತಿದ್ದ ಹಳೆಯ ನೋವು ಬಹುತೇಕರಿಗೆ ಮೊದಲ ದಿನಗಳಲ್ಲೇ ಹೋಗಿಬಿಡುತ್ತದೆ. "ಆ ನೋವಿಲ್ಲ, ಇದು ಬೇರೆ ನೋವು" ಎಂದು ರೋಗಿಗಳೇ ಹೇಳುತ್ತಾರೆ. ಈ ಬೇರೆ ನೋವು ಸೀಳಿದ ಅಂಗಾಂಶದ್ದು, ಊತದ್ದು, ಸ್ನಾಯುವಿನದ್ದು. ನಿಮ್ಮ ತಾಯಿಯವರನ್ನು ಹೀಗೇ ಕೇಳಿ ನೋಡಿ: ಹಳೆಯ ನೋವೇ ಇದೆಯೋ, ಬೇರೆಯದೋ? ಬೇರೆ ಎಂದರೆ ಅರ್ಧ ಚಿಂತೆ ಬಿಡಿ.

ಊತದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಮನೆಯವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೀಲಿನೊಳಗೆ ನೀರು ತುಂಬಿದ್ದರೆ ಅಲ್ಲಿಂದ ಹೋಗುವ ಸಂಕೇತಗಳು ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ತಡೆದು ಹಿಡಿಯುತ್ತವೆ. ರೋಗಿ ಎಷ್ಟು ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಆಪರೇಷನ್ ಆದ ಒಂದು ತಿಂಗಳಿಗೆ ಈ ಸ್ನಾಯುವಿನ ಬಲ ಮೊದಲಿದ್ದುದರ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುತ್ತದೆ. ಅದೂ ವರ್ಷಗಟ್ಟಲೆ ಕುಂಟುತ್ತ ನಡೆದು ಮೊದಲೇ ಸೊರಗಿದ್ದ ಸ್ನಾಯು. ಕುರ್ಚಿಯಿಂದ ಏಳುವಾಗ ಕೈಯೂರಬೇಕಾಗುವುದು, ಮೆಟ್ಟಿಲಲ್ಲಿ ಕಾಲು ಕುಸಿದಂತಾಗುವುದು, ಸ್ವಲ್ಪ ನಡೆದರೆ ಮಂಡಿಯ ಸುತ್ತ ಹಿಡಿದಂತಾಗುವುದು ಇವೆಲ್ಲ ಲೋಹದ ತಪ್ಪಲ್ಲ, ಈ ಸ್ನಾಯುವಿನ ದೌರ್ಬಲ್ಯ. ಸರ್ಜನ್ ಬದಲಿಸಿಕೊಟ್ಟಿರುವುದು ಕೀಲನ್ನು ಮಾತ್ರ. ಸ್ನಾಯುವನ್ನು ಬದಲಿಸುವ ಆಪರೇಷನ್ ಇಲ್ಲ. ಅದನ್ನು ಮನೆಯಲ್ಲೇ ಬೆಳೆಸಬೇಕು, ಮತ್ತು ಅದಕ್ಕೆ ತಿಂಗಳುಗಳೇ ಬೇಕು.

ಎಷ್ಟು ತಿಂಗಳು? ಮೊದಲ ಎರಡು ವಾರ ನೋವು ಹೆಚ್ಚು. ಆರು ವಾರದ ಹೊತ್ತಿಗೆ ಬಹಳಷ್ಟು ಜನ ವಾಕರ್ ಬಿಟ್ಟು ಕೋಲಿಗೆ ಬಂದಿರುತ್ತಾರೆ, ಮನೆಯೊಳಗೆ ಅದೂ ಇಲ್ಲದೆ ಓಡಾಡುತ್ತಾರೆ. ಸುಧಾರಣೆಯ ದೊಡ್ಡ ಪಾಲು ಬರುವುದು ಮೊದಲ ಮೂರು ತಿಂಗಳಲ್ಲಿ. ಆಮೇಲೆ ಆರು ತಿಂಗಳವರೆಗೆ ನಿಧಾನವಾಗಿ, ವರ್ಷದವರೆಗೆ ಇನ್ನೂ ನಿಧಾನವಾಗಿ ಬರುತ್ತಲೇ ಇರುತ್ತದೆ. ನಡುನಡುವೆ ಹಿಂದಕ್ಕೆ ಜಾರುವ ದಿನಗಳೂ ಇವೆ. ಮದುವೆ ಮನೆಗೆ ಹೋಗಿ ಅರ್ಧ ದಿನ ಕಾಲು ಇಳಿಬಿಟ್ಟು ಕೂತು ಬಂದರೆ ಮರುದಿನ ಮಂಡಿ ಊದಿಕೊಳ್ಳುತ್ತದೆ. ಎರಡು ದಿನದಲ್ಲಿ ಇಳಿಯುತ್ತದೆ.

ಪಕ್ಕದ ಬೀದಿಯವರ ವಿಷಯ. ನೋಡಲು ಬಂದವರೆಲ್ಲ ಒಂದೊಂದು ಮಂಡಿಯ ಕಥೆ ಹೇಳಿ ಹೋಗುತ್ತಾರೆ, ಆ ಕಥೆಗಳಲ್ಲಿ ಎಲ್ಲರೂ ಹತ್ತನೇ ದಿನಕ್ಕೆ ಓಡಾಡಿರುತ್ತಾರೆ. ಆಪರೇಷನ್‌ಗೆ ಮೊದಲು ಅವರ ಮಂಡಿ ಎಷ್ಟು ಮಡಚುತ್ತಿತ್ತು, ಇನ್ನೊಂದು ಮಂಡಿ ಹೇಗಿದೆ, ತೊಡೆಯಲ್ಲಿ ಎಷ್ಟು ಬಲ ಉಳಿದಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಆಮೇಲೆ ಎಷ್ಟು ಮಡಚುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಮೊದಲು ಎಷ್ಟು ಮಡಚುತ್ತಿತ್ತು ಎಂಬುದು. 130 ಡಿಗ್ರಿ ಮಡಚುತ್ತಿದ್ದವರಿಗೆ 120 ಬರುವುದು ಸುಲಭ, 90ರಲ್ಲೇ ಇದ್ದವರಿಗೆ 105 ಬಂದರೂ ಅದು ಒಳ್ಳೆಯ ಫಲಿತಾಂಶ. ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ನಿಮ್ಮ ತಾಯಿಯವರ ಆಗಿನ ಅಳತೆ ಬರೆದಿರುತ್ತಾರೆ. ಹೋಲಿಸುವುದಾದರೆ ಅದರೊಂದಿಗೆ ಹೋಲಿಸಿ.

ಇನ್ನು ರಾತ್ರಿ ನೋವು. ಹಗಲಿಡೀ ಕಾಲು ಕೆಳಗಿದ್ದು ಸಂಜೆಯ ಹೊತ್ತಿಗೆ ಊತ ಏರಿರುತ್ತದೆ. ಮಲಗಿದ ಮೇಲೆ ಮಂಡಿ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿದ್ದು ಬಿಗಿಯುತ್ತದೆ, ಗಮನ ಬೇರೆಡೆ ಸೆಳೆಯಲು ಮಾತೂ ಇಲ್ಲ, ಟಿವಿಯೂ ಇಲ್ಲ. ನಿದ್ದೆ ಕೆಟ್ಟರೆ ಮರುದಿನ ಅದೇ ನೋವು ದೊಡ್ಡದಾಗಿ ಕಾಣುತ್ತದೆ. ಬಹಳ ಮಂದಿಗೆ ಇದು ಆರರಿಂದ ಹನ್ನೆರಡು ವಾರದೊಳಗೆ ತಗ್ಗುತ್ತದೆ. ಅಲ್ಲಿಯವರೆಗೆ ಮಲಗುವ ಮುನ್ನ ಕಾಲನ್ನು ಎತ್ತರಕ್ಕಿಟ್ಟು, ಮಂಡಿಯ ಮೇಲೆ ಬಟ್ಟೆ ಹಾಸಿ ಐಸ್ ಪೊಟ್ಟಣವನ್ನು 15-20 ನಿಮಿಷ ಇಡಿ. ಬರಿ ಚರ್ಮದ ಮೇಲೆ ಇಡಬೇಡಿ, ಮರಗಟ್ಟಿದ ಜಾಗದಲ್ಲಿ ಸುಟ್ಟರೂ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಬಿಸಿನೀರಿನ ಚೀಲವೂ ಬೇಡ. ಊತವಿರುವ ಮಂಡಿಗೆ ಶಾಖ ಹೇಗೂ ಹೊಂದುವುದಿಲ್ಲ. ಎಡಮಗ್ಗುಲಾಗಿ ಮಲಗಿ ಎರಡು ಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ಅನೇಕರಿಗೆ ಹಿತವಾಗುತ್ತದೆ. ಎಚ್ಚರವಾದಾಗ ಹಾಸಿಗೆಯಲ್ಲೇ ಹೊರಳಾಡುವುದಕ್ಕಿಂತ ದೀಪ ಹಾಕಿ, ಕೋಲು ಹಿಡಿದು ಐದು ನಿಮಿಷ ನಡೆದು ಬಂದು ಮಲಗುವುದು ಮೇಲು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ ರಾತ್ರಿ ನಿದ್ದೆ ಬರಲಿಲ್ಲವೆಂದರೆ ಮಂಡಿಯನ್ನು ದೂರಬೇಡಿ.

ಮಾತ್ರೆ ನಿಲ್ಲಿಸಿದ್ದು ಈ ರಾತ್ರಿಗಳಿಗೆ ಇನ್ನೊಂದು ಕಾರಣ. ನಾನು ಫಿಸಿಯೋಥೆರಪಿಸ್ಟ್, ಯಾವ ಮಾತ್ರೆ, ಎಷ್ಟು ದಿನ ಎಂಬುದು ನಿಮ್ಮ ಸರ್ಜನ್ ತೀರ್ಮಾನ. ಆದರೆ "ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು" ಎಂಬ ಮಾತು ಎಲ್ಲ ಮಾತ್ರೆಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಎಟೊರಿಕಾಕ್ಸಿಬ್ ಇವೆಲ್ಲ ಒಂದು ಗುಂಪು. ಕಿಡ್ನಿ, ರಕ್ತದೊತ್ತಡ, ಹೊಟ್ಟೆ ಮೂರರ ಬಗ್ಗೆಯೂ ಎಚ್ಚರ ಬೇಕಾದದ್ದು ಈ ಗುಂಪಿನ ವಿಷಯದಲ್ಲಿ. ಸಕ್ಕರೆ ಕಾಯಿಲೆಯವರಿಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿಯೇ ಕೊಡುತ್ತಾರೆ. ಪ್ಯಾರಸಿಟಮಾಲ್ ಬೇರೆ. 650 ಮಿಲಿಗ್ರಾಂ ಮಾತ್ರೆ ದಿನಕ್ಕೆ ನಾಲ್ಕು ಎಂದರೆ 2.6 ಗ್ರಾಂ, ವಯಸ್ಕರಿಗೆ ಗರಿಷ್ಠ ಮಿತಿ 4 ಗ್ರಾಂ, ವಯಸ್ಸಾದವರಲ್ಲಿ 3 ಗ್ರಾಂ ದಾಟಿಸದಿರುವುದು ರೂಢಿ. ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಟ್ರಮಡಾಲ್ ಮೂರನೆಯ ಬಗೆ: ಮಲಬದ್ಧತೆ, ತಲೆಸುತ್ತು ತರುತ್ತದೆ, ತಲೆಸುತ್ತಿ ಬಿದ್ದರೆ ಹೊಸ ಮಂಡಿಗೆ ಅಪಾಯ. ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ ಸೇರಿಸಿದ ಮಾತ್ರೆಗಳೂ ಇರುವುದರಿಂದ ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ, ಎರಡೆರಡು ಬಾರಿ ಲೆಕ್ಕವಾಗದಂತೆ ನೋಡಿಕೊಳ್ಳಿ.

ಸರ್ಜನ್‌ಗೆ ನಾಳೆಯೇ ಫೋನ್ ಮಾಡಿ, ಎರಡು ವಾರಕ್ಕೇ ಎಲ್ಲ ನಿಲ್ಲಿಸಿದ್ದೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಯಾವುದು ಮುಂದುವರಿಸಬಹುದು ಎಂದು ಕೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆಯನ್ನೂ ಇದರ ಜೊತೆ ನಿಲ್ಲಿಸಿಬಿಟ್ಟಿರಾ ಎಂಬುದನ್ನು ನೋಡಿಕೊಳ್ಳಿ. ಅದು ನೋವಿನ ಮಾತ್ರೆಯಲ್ಲ, ಅದರ ಅವಧಿ ಬೇರೆ. ಅವರು ಒಪ್ಪಿದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು, ಮಲಗುವ ಮುನ್ನ ಒಂದು ಎಂಬ ಲೆಕ್ಕದಲ್ಲಿ ಹೊಂದಿಸಿದರೆ ಪ್ರಯೋಜನ ಹೆಚ್ಚು. ನೋವು ತಡೆಯಲಾಗದಷ್ಟು ಏರಿದ ಮೇಲೆ ನುಂಗಿದ ಮಾತ್ರೆ ಅಷ್ಟು ಕೆಲಸ ಮಾಡುವುದಿಲ್ಲ.

ಈಗ ದಿಂಬು. ಎಲ್ಲರ ಗಮನ ಮಡಚುವುದರ ಮೇಲಿರುತ್ತದೆ. ನನ್ನನ್ನು ಕೇಳಿದರೆ ಮೊದಲ ಆರು ವಾರದಲ್ಲಿ ನೇರ ಮಾಡುವುದು ಅದಕ್ಕಿಂತ ಮುಖ್ಯ. ಹತ್ತು ಡಿಗ್ರಿ ಬಗ್ಗಿಯೇ ಉಳಿದ ಮಂಡಿಯಲ್ಲಿ ಸುಮ್ಮನೆ ನಿಂತಿರುವಾಗಲೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕು, ಬೇಗ ದಣಿಯುತ್ತದೆ. ಕಾಲು ಗಿಡ್ಡವಾದಂತೆ ನಡೆದು ಸೊಂಟವೂ ನೋಯಲು ತೊಡಗುತ್ತದೆ. ದಿಂಬು ಇಟ್ಟಾಗ ಹಾಯೆನಿಸುವುದು ನಿಜ, ಸ್ವಲ್ಪ ಬಾಗಿದ ಭಂಗಿಯಲ್ಲಿ ಕೀಲಿನೊಳಗಿನ ಒತ್ತಡ ಕಡಿಮೆಯಾಗುತ್ತದೆ. ಆದರೆ ರಾತ್ರಿಗೆ ಏಳೆಂಟು ಗಂಟೆ ಅದೇ ಭಂಗಿಯಲ್ಲಿದ್ದರೆ ಹಿಂಬದಿಯ ಅಂಗಾಂಶ ಹಾಗೆಯೇ ಕುಗ್ಗಿ ನಿಲ್ಲುತ್ತದೆ. ಮಂಡಿಯ ಕೆಳಗಿನ ದಿಂಬನ್ನು ಇವತ್ತೇ ತೆಗೆಯಿರಿ. ಕಾಲನ್ನು ಎತ್ತರಿಸಬೇಕೆಂದರೆ ದಿಂಬು ಹಿಮ್ಮಡಿ ಮತ್ತು ಮೀನಖಂಡದ ಕೆಳಗಿರಲಿ, ಮಂಡಿಯ ಕೆಳಗೆ ಖಾಲಿ ಇರಲಿ.

ಹಗಲು ನಾಲ್ಕೈದು ಬಾರಿ ಹೀಗೆ ಮಾಡಿಸಿ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಸ್ನಾನದ ಟವೆಲನ್ನು ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಿ. ಮಂಡಿ ಗಾಳಿಯಲ್ಲಿ ನಿಂತು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಐದು ನಿಮಿಷದಿಂದ ಶುರುಮಾಡಿ ಹತ್ತಕ್ಕೆ ಏರಿಸಿ. ಹಿಂಬದಿ ಎಳೆದಂತಾಗುವುದು ಸಹಜ. ಆ ಭಂಗಿಯಲ್ಲೇ ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಿ, ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡಲಿ. ನಿಮ್ಮ ಕೈಯನ್ನು ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ಇಟ್ಟು ನೋಡಿ: ಚಿಪ್ಪು ತೊಡೆಯ ಕಡೆಗೆ ಸರಿದರೆ ಸ್ನಾಯು ಎಚ್ಚೆತ್ತಿದೆ ಎಂದು ಅರ್ಥ. ಚಿಪ್ಪು ಅಲ್ಲಾಡದೆ ಪೃಷ್ಠ ಮಾತ್ರ ಬಿಗಿಯುತ್ತಿದ್ದರೆ ವ್ಯಾಯಾಮ ಬೇರೆಲ್ಲೋ ಆಗುತ್ತಿದೆ. ವಾರಕ್ಕೊಮ್ಮೆ ಟವೆಲ್ ತೆಗೆದು ಕಾಲು ಚಪ್ಪಟೆಯಾಗಿ ಹಾಸಿಗೆಯ ಮೇಲಿಡಿಸಿ, ಮಂಡಿಯ ಕೆಳಗೆ ಅಂಗೈ ತೂರಿಸಿ. ಮೊದಲ ವಾರ ಸಲೀಸಾಗಿ ತೂರಿದ ಕೈ ಬರುಬರುತ್ತ ಬಿಗಿಯಾಗಬೇಕು.

ಮಡಚುವ ವಿಚಾರಕ್ಕೆ ಬಂದೆ. ಮನೆಗೆ ಬರುವ ಫಿಸಿಯೋಥೆರಪಿಸ್ಟರನ್ನು ನಾನು ಹಳಿಯುವುದಿಲ್ಲ. ಕೊಟ್ಟ ದುಡ್ಡಿಗೆ ರೋಗಿ ಕೂಗಿಕೊಳ್ಳದಿದ್ದರೆ ಕೆಲಸವೇ ಆಗಿಲ್ಲವೆಂದು ನಂಬುವ ಮನೆಗಳೂ ಇವೆ. ಆದರೆ ಅಳುವಷ್ಟು ನೋವಾದಾಗ ತೊಡೆಯ ಸ್ನಾಯು ತನ್ನಿಂದ ತಾನೇ ಎದುರು ಬಿಗಿಯುತ್ತದೆ; ಒತ್ತುವವರ ಬಲ ಮಂಡಿಗಿಂತ ಆ ಸ್ನಾಯುವಿನ ಮೇಲೆ ಖರ್ಚಾಗುತ್ತದೆ. ಒಳಗೆ ಸಣ್ಣಸಣ್ಣ ಎಳೆಗಳು ಹರಿದು ಸಂಜೆಗೆ ಊತ ಏರುತ್ತದೆ, ಊತ ಏರಿದರೆ ಸ್ನಾಯು ಮತ್ತೆ ಮಂಕಾಗುತ್ತದೆ, ಮರುದಿನ ಮಂಡಿ ನಿನ್ನೆಗಿಂತ ಬಿಗಿ. ಹಾಗೆಂದು ನೋವೇ ಆಗಬಾರದೆಂದು ಮಂಚ ಹಿಡಿದವರ ಮಂಡಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹತ್ತಕ್ಕೆ ನಾಲ್ಕೈದರಷ್ಟು ನೋವನ್ನು ತಡೆದುಕೊಂಡು ಮಾಡಲೇಬೇಕು. ಹದ ಸರಿಯಾಗಿದೆಯೇ ಎಂದು ತಿಳಿಯಲು ನಾನು ನೋಡುವುದು ಮರುದಿನ ಬೆಳಗ್ಗೆಯ ಮಂಡಿಯನ್ನು. ವ್ಯಾಯಾಮದಿಂದ ಏರಿದ ನೋವು, ಊತ ಬೆಳಗ್ಗೆ ಹೊತ್ತಿಗೆ ಹಳೆಯ ಮಟ್ಟಕ್ಕೆ ಇಳಿದಿದ್ದರೆ ಹದ ಸರಿ, ಸ್ವಲ್ಪ ಏರಿಸಬಹುದು. ಇಳಿಯದಿದ್ದರೆ ಆ ದಿನ ಅರ್ಧ ಮಾಡಿ, ಆದರೆ ಪೂರ್ತಿ ಬಿಡಬೇಡಿ. ಇದನ್ನು ಬರುವ ಫಿಸಿಯೋಥೆರಪಿಸ್ಟರಿಗೂ ಹೇಳಿ. ಕೇಳಿದರೆ ಬೇಸರಪಡುವವರಾದರೆ ಬೇರೆಯವರನ್ನು ನೋಡಿ.

ತಾಯಿಯವರು ತಾವೇ ಮಡಚುವ ವಿಧಾನ ಇದು. ಟೈಲ್ಸ್ ನೆಲದ ಮೇಲೆ, ಗೋಡೆಗೆ ಒರಗಿಸಿದ ಗಟ್ಟಿ ಮರದ ಕುರ್ಚಿ. ಜಾರುವ, ಕಾಲು ಅಗಲಿಸುವ ಪ್ಲಾಸ್ಟಿಕ್ ಕುರ್ಚಿ ಬೇಡ. ಪಾದದ ಕೆಳಗೆ ಒಂದು ಬಟ್ಟೆ ಹಾಕಿ ಪಾದವನ್ನು ಹಿಂದಕ್ಕೆ ಜಾರಿಸಲಿ, ಎಡಗಾಲಿನಿಂದ ಬಲಗಾಲನ್ನು ಮೆಲ್ಲಗೆ ಹಿಂದೊತ್ತಲಿ. ಇನ್ನು ಆಗದು ಎಂಬಲ್ಲಿ ಬಟ್ಟೆ ಸರಿಸಿ ಪಾದವನ್ನು ನೆಲಕ್ಕೆ ಊರಿ, ಕುರ್ಚಿಯಲ್ಲಿ ಸೊಂಟವನ್ನು ಒಂದಿಂಚು ಮುಂದಕ್ಕೆ ಸರಿಸಲಿ. ಪಾದ ನಿಂತಲ್ಲೇ ನಿಂತು ಮಂಡಿ ಇನ್ನೂ ಕೊಂಚ ಮಡಚುತ್ತದೆ. ಎಷ್ಟು ಸರಿಯಬೇಕೆಂಬುದು ಅವರ ಕೈಯಲ್ಲೇ ಇರುವುದರಿಂದ ಸ್ನಾಯು ಎದುರು ಬಿಗಿಯುವುದಿಲ್ಲ. ಹತ್ತು ಎಣಿಸಿ ಹಿಂದೆ ಬರಲಿ. ಹತ್ತು ಸಲ, ದಿನಕ್ಕೆ ನಾಲ್ಕು ಹೊತ್ತು. ಕುರ್ಚಿ ಮತ್ತು ಸೊಂಟ ಪ್ರತಿದಿನ ಒಂದೇ ಜಾಗದಲ್ಲಿಟ್ಟು ಹೆಬ್ಬೆರಳು ತಲುಪಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಬಾಡಿಗೆಗೆ ಸಿಗುವ, ಮಲಗಿದ್ದಂತೆಯೇ ಕಾಲು ಮಡಚಿ ಬಿಡಿಸುವ ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಪರೀಕ್ಷೆಗಳಲ್ಲಿ ಅದರಿಂದ ಸಿಕ್ಕ ಲಾಭ ಸುಮಾರು ಎರಡು ಡಿಗ್ರಿ.

ಗಡುವು ಎಂದೆನಲ್ಲ, ಅದು ಇದು. ಆರು ವಾರಕ್ಕೆ ಸಾಮಾನ್ಯವಾಗಿ 90 ಡಿಗ್ರಿ ದಾಟಿರಬೇಕು, ಅನೇಕರು 100-110ರಲ್ಲಿರುತ್ತಾರೆ. ನೀವು 85ರಲ್ಲಿ ನಿಂತಿದ್ದೀರಿ. ಈ ಬದಲಾವಣೆಗಳಿಂದ ಒಂದೆರಡು ವಾರದಲ್ಲಿ ಗೆರೆ ಹಿಂದೆ ಸರಿಯದಿದ್ದರೆ ಸರ್ಜನ್ ಜೊತೆ ಮಾತನಾಡಬೇಕು. ಅರಿವಳಿಕೆ ಕೊಟ್ಟು, ಕತ್ತರಿ ಮುಟ್ಟಿಸದೆ ಮಂಡಿಯನ್ನು ಮಡಚಿ ಒಳಗಿನ ಅಂಟುಗಳನ್ನು ಬಿಡಿಸುವ ವಿಧಾನವೊಂದಿದೆ. ಅದು ಚೆನ್ನಾಗಿ ಫಲ ಕೊಡುವುದು ಮೊದಲ ಹನ್ನೆರಡು ವಾರದೊಳಗೆ. ಆಮೇಲೆ ಅಂಟು ಗಟ್ಟಿಯಾಗಿ ಸಿಗುವ ಲಾಭ ಇಳಿಯುತ್ತದೆ. ಅದನ್ನು ಸೂಚಿಸಿದರೆ ಆಪರೇಷನ್ ಕೆಟ್ಟಿತೆಂದು ತಿಳಿಯಬೇಡಿ. "ಇನ್ನೊಂದು ತಿಂಗಳು ನೋಡೋಣ" ಎನ್ನುತ್ತಲೇ ಐದು ತಿಂಗಳು ಕಳೆಯುವುದು ಅದಕ್ಕಿಂತ ಕೆಟ್ಟದ್ದು.

ಸ್ನಾಯು ಬೆಳೆಯಲು ಊಟವೂ ಬೇಕು. ಆಪರೇಷನ್ ಆಯಿತೆಂದರೆ ನಮ್ಮ ಕಡೆ ಮೊದಲು ಬರುವ ಮಾತು ನಂಜು. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಕೊನೆಗೆ ಬೇಳೆ, ಮೊಟ್ಟೆಗಳೂ ನಂಜಿನ ಪಟ್ಟಿಗೆ ಸೇರಿ ಉಳಿಯುವುದು ಅನ್ನ ಮತ್ತು ತಿಳಿಸಾರು. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ತಪ್ಪಾದ ಊಟವಿಲ್ಲ: ಸಕ್ಕರೆ ಏರುತ್ತದೆ, ಸ್ನಾಯುವಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಮೊಳಕೆ ಕಾಳು, ಬೇಳೆ, ಮೊಸರು, ಪನೀರ್, ತಿನ್ನುವ ಮನೆಯಾದರೆ ಮೊಟ್ಟೆ, ಮೀನು ದಿನವೂ ಇರಲಿ. ಬದನೆಕಾಯಿ ತಿಂದರೆ ಹೊಲಿಗೆ ಕೀವಾಗುವುದಿಲ್ಲ, ಸಕ್ಕರೆ ಹತೋಟಿ ತಪ್ಪಿದರೆ ಆಗಬಹುದು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಬೆಚ್ಚಗಿರುವ ಮಂಡಿಗೆ ಹೆದರಬೇಡಿ. ಗಾಯ ಒಣಗಿ, ಜ್ವರವಿಲ್ಲದೆ, ಕೆಂಪು ಹರಡದೆ ಬರೀ ಬೆಚ್ಚಗಿದ್ದರೆ ಅದು ಆರು ತಿಂಗಳು, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಇರುತ್ತದೆ. ಹೊರಬದಿಯ ಮರಗಟ್ಟುವಿಕೆಗೆ ಕಾರಣ ಹೊಲಿಗೆಯ ಗೆರೆಯಲ್ಲಿ ಅಡ್ಡಹಾಯುವ ಚರ್ಮದ ಸಣ್ಣ ನರವೊಂದು ತುಂಡಾಗುವುದು. ಅದು ಬಹುಮಟ್ಟಿಗೆ ತಪ್ಪಿಸಲಾಗದ್ದು. ಕಾಲಕ್ರಮೇಣ ಆ ಜಾಗ ಚಿಕ್ಕದಾಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು, ನಡೆಯಲು ಅದರಿಂದ ಅಡ್ಡಿಯಿಲ್ಲ. ಮುಂದೊಂದು ದಿನ ನಡೆಯುವಾಗ ಟಕ್ ಟಕ್ ಸದ್ದು ಕೇಳಿಸೀತು, ಲೋಹ ಪ್ಲಾಸ್ಟಿಕ್‌ಗೆ ತಾಗುವ ಸದ್ದು ಅದು. ನೋವಿಲ್ಲದಿದ್ದರೆ ಬಿಟ್ಟುಬಿಡಿ.

ತಡಮಾಡಬಾರದ ಸಂದರ್ಭಗಳು ಬೇರೆ ಇವೆ. ಒಣಗಿದ ಗಾಯದಿಂದ ಮತ್ತೆ ನೀರು ಅಥವಾ ಕೀವು ಒಸರಿದರೆ, ಚಳಿಜ್ವರ ಬಂದರೆ, ಕಡಿಮೆಯಾಗುತ್ತಿದ್ದ ನೋವು ತಿರುಗಿ ದಿನದಿಂದ ದಿನಕ್ಕೆ ಏರಿದರೆ ಅಂದೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಮೀನಖಂಡ ಗಟ್ಟಿಯಾಗಿ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಎಣ್ಣೆ ಹಾಕಿ ತಿಕ್ಕಲೇಬೇಡಿ, ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋದೀತು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ, ತಡವಿಲ್ಲದೆ. ಬಿದ್ದ ಮೇಲೆ ಮಂಡಿ ನೇರ ಮಾಡಿ ಕಾಲೆತ್ತಲು ಆಗದಿದ್ದರೆ ಅದೂ ತುರ್ತು. ಇನ್ನೊಂದು ಮಾತನ್ನು ಗೋಡೆಗೆ ಬರೆದಿಡಿ: ಸೋಂಕಿನ ಅನುಮಾನ ಬಂದಾಗ ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಕೊಡಬೇಡಿ. ಮಂಡಿಯ ನೀರು ತೆಗೆದು ಪರೀಕ್ಷೆಗೆ ಕಳಿಸುವ ಮೊದಲೇ ಆ ಮಾತ್ರೆ ಹೊಟ್ಟೆಗೆ ಹೋದರೆ ರೋಗಾಣು ಯಾವುದೆಂದು ಪತ್ತೆಯಾಗುವುದಿಲ್ಲ, ಸೋಂಕು ಅಡಗಿ ಕೂತು ತಿಂಗಳುಗಳ ನಂತರ ಕೃತಕ ಕೀಲನ್ನೇ ತೆಗೆಯಬೇಕಾಗಬಹುದು.

ಎಲ್ಲರಿಗೂ ಎಲ್ಲ ಸರಿಹೋಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಕ್ಸ್‌ರೇಯಲ್ಲಿ ಎಲ್ಲ ಸರಿಯಿದ್ದರೂ ಸುಮಾರು ಐವರಲ್ಲಿ ಒಬ್ಬರು ವರ್ಷದ ನಂತರವೂ ಒಂದಷ್ಟು ನೋವಿದೆ, ಅಂದುಕೊಂಡಷ್ಟು ಆಗಲಿಲ್ಲ ಎನ್ನುತ್ತಾರೆ. ಮೊದಲೇ ಮೈಯೆಲ್ಲ ನೋವಿದ್ದವರಲ್ಲಿ, ಖಿನ್ನತೆ, ಆತಂಕ ಇದ್ದವರಲ್ಲಿ ಇದು ಹೆಚ್ಚು. ಕೆಲವರಿಗೆ ಸೀರೆಯ ಅಂಚು ತಾಗಿದರೂ ಉರಿ, ಕರೆಂಟ್ ಹೊಡೆದಂಥ ಜುಮ್ಮೆನ್ನುವಿಕೆ. ಅದು ನರದ ನೋವು, ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ, ಬೇರೆ ಔಷಧ ಬೇಕು. ಇನ್ನು ಕೆಲವರಲ್ಲಿ ಮಂಡಿಯಲ್ಲಿ ಕಾಣುವ ನೋವಿನ ಮೂಲ ಸೊಂಟದ ಕೀಲಿನಲ್ಲೋ ಬೆನ್ನಿನ ನರದಲ್ಲೋ ಇರುತ್ತದೆ. ಮೂರು ತಿಂಗಳು ದಾಟಿದ ಮೇಲೂ ನೋವು ಇದೇ ಮಟ್ಟದಲ್ಲಿದ್ದರೆ "ಸಹಿಸಿಕೊಳ್ಳಿ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಸೋಂಕು, ಕೃತಕ ಕೀಲಿನ ಸಡಿಲಿಕೆ, ಮಂಡಿಚಿಪ್ಪು ಸರಿಯಾದ ದಾರಿಯಲ್ಲಿ ಸರಿದಾಡುತ್ತಿದೆಯೇ ಎಂಬುದು, ಸೊಂಟ, ಬೆನ್ನು ಎಲ್ಲವನ್ನೂ ನೋಡಿಸಿ. ಐದನೇ ವಾರಕ್ಕೆ ಈ ಚಿಂತೆ ಬೇಡ.

ನೆಲದ ಮೇಲೆ ಕೂರುವ ವಿಚಾರ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ 65-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 85ರಿಂದ 100, ಸಾಮಾನ್ಯ ಕುರ್ಚಿಯಿಂದ ಏಳಲು 95-105 ಬೇಕು. ಕುಕ್ಕರಗಾಲಲ್ಲಿ ಕೂರಲು 130ಕ್ಕೂ ಹೆಚ್ಚು. ಹೊಸ ಮಂಡಿಗಳು ಹೆಚ್ಚಿನವರಲ್ಲಿ 110-120ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಹೆಚ್ಚು ಮಡಚುತ್ತದೆಂದು ದುಬಾರಿಗೆ ಮಾರುವ ಕೀಲುಗಳಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಪರೀಕ್ಷೆಗಳಲ್ಲಿ ಕಂಡಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದು ಕೆಲವರಿಗೆ ಸಾಧ್ಯವಾಗುತ್ತದೆ, ಆದರೆ ದಿನವೂ ಕೂತು ಏಳುವುದಕ್ಕೆ ಬಹುತೇಕ ಸರ್ಜನ್‌ಗಳು ಒಪ್ಪುವುದಿಲ್ಲ, ನನಗೂ ಅದು ಸರಿ ಕಾಣುವುದಿಲ್ಲ. ಪೂಜೆಗೆ ದೇವರ ಪೀಠವನ್ನೇ ಎತ್ತರಿಸಿ ಕುರ್ಚಿ ಹಾಕಿ. ಇಂಡಿಯನ್ ಶೌಚಾಲಯವಿದ್ದರೆ ಮೇಲಿಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿ. ರಂಗೋಲಿಗೆ ಅಡ್ಡಿಯಿಲ್ಲ, ನಿಂತು ಸೊಂಟ ಬಗ್ಗಿಸಿ ಎಳೆಯುವುದಾದರೆ ಮಂಡಿಗೆ ಅದರಲ್ಲಿ ಕೆಲಸ ಕಡಿಮೆ.

ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಬಲಗಾಲು ಮೊದಲು. ಕೋಲು ಎಡಗೈಯಲ್ಲಿ ಇರಲಿ. ನೋಯುವ ಕಾಲಿನ ಕಡೆಯೇ ಕೋಲು ಹಿಡಿಯುವವರು ನೂರಾರು ಜನ. ಎದುರು ಕೈಯಲ್ಲಿ ಹಿಡಿದರೆ ಮಾತ್ರ ಮಂಡಿಯ ಭಾರ ಇಳಿಯುತ್ತದೆ. ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಮನೆಯ ಮೆಟ್ಟಿಲಿಗಿಂತ ಬಹಳ ಎತ್ತರ, ಮೂರು ತಿಂಗಳವರೆಗೆ ಅದನ್ನು ತಪ್ಪಿಸಿ. ನಡೆದರೆ ಕೀಲು ಸವೆದೀತೆಂದು ಹೆದರಿ ಕೂರಿಸಬೇಡಿ. 2019ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82 ಶೇಕಡಾ 25 ವರ್ಷ ಬಾಳುತ್ತವೆ.

ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬಂಡೆಯಲ್ಲೇ ಕಡಿದವು, ಬರಿಗಾಲಲ್ಲಿ ಹತ್ತಬೇಕು. ಆರು ತಿಂಗಳಿಗೆ ಮೊದಲು ಆ ಮಾತು ಬೇಡ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಸತತವಾಗಿ ಎದ್ದು ಕೂರುವಂತಾಗಲಿ; ಮನೆಯ ಮಹಡಿಯನ್ನು ಮೆಟ್ಟಿಲಿಗೊಂದು ಕಾಲಿಟ್ಟು ಹಲವು ಬಾರಿ ಹತ್ತಿ ಇಳಿದರೂ ಮರುದಿನ ಮಂಡಿ ಊದದಿರಲಿ; ಆಮೇಲೆ ಸರ್ಜನ್ ಒಪ್ಪಿಗೆ ಕೇಳಿ. ಬೆಳಗಿನ ತಂಪಿನಲ್ಲಿ, ಕಂಬಿ ಹಿಡಿದು, ಕೂತು ಕೂತು ಹತ್ತಬಹುದು. ಕಷ್ಟ ಇಳಿಯುವಾಗ: ತೊಡೆಯ ಸ್ನಾಯು ದಣಿದಿರುತ್ತದೆ, ಪ್ರತಿ ಮೆಟ್ಟಿಲಲ್ಲೂ ಮೈಭಾರವನ್ನು ಅದೇ ತಡೆಯಬೇಕು. ಎಡ ಮಂಡಿಯೂ ಸವೆದಿರುವಾಗ ಡೋಲಿ ಹತ್ತುವುದರಲ್ಲಿ ಅವಮಾನವೇನಿಲ್ಲ, ಗೊಮ್ಮಟನ ದರ್ಶನಕ್ಕೆ ಅದರಿಂದ ಕೊರತೆಯೂ ಇಲ್ಲ.

ಎಡ ಮಂಡಿಯ ಆಪರೇಷನ್‌ಗೆ ಕನಿಷ್ಠ ಮೂರು ತಿಂಗಳ ಅಂತರ ಇಡುವುದು ಸಾಮಾನ್ಯ. ನಿಮ್ಮ ತಾಯಿಯವರ ಮಟ್ಟಿಗೆ ದಿನಾಂಕಕ್ಕಿಂತ ಬಲಗಾಲಿನ ಸ್ಥಿತಿ ನೋಡಿ ನಿರ್ಧರಿಸಿ. ಎಡಗಾಲಿಗೆ ಆಪರೇಷನ್ ಆದಾಗ ಮೈಭಾರ ಹೊರುವುದು ಈ ಬಲಗಾಲು. ಅದು ಪೂರ್ತಿ ನೇರವಾಗಿ, 100 ಡಿಗ್ರಿ ದಾಟಿ ಮಡಚಿ, ಅದೊಂದರ ಮೇಲೇ ಕೆಲವು ಕ್ಷಣ ಗಟ್ಟಿಯಾಗಿ ನಿಲ್ಲುವಂತಿರಬೇಕು, ಮೂರು ತಿಂಗಳ ಸಕ್ಕರೆಯ ಸರಾಸರಿ ವೈದ್ಯರು ಹೇಳಿದ ಮಿತಿಯೊಳಗಿರಬೇಕು, ರಾತ್ರಿ ನಿದ್ದೆ ಬರುತ್ತಿರಬೇಕು. ಸದ್ಯಕ್ಕೆ ಎಡ ಮಂಡಿಯ ನೋವೂ ಅವರ ನಡಿಗೆಯನ್ನು ಎಳೆಯುತ್ತಿರಬಹುದು. ಆರನೇ ವಾರದ ತಪಾಸಣೆಗೆ ಹೋದಾಗ ಎರಡೂ ಮಂಡಿ ತೋರಿಸಿ, ಸೀಮೆಸುಣ್ಣದ ಗೆರೆ ಎಷ್ಟು ಸರಿದಿದೆ ಎಂಬ ಲೆಕ್ಕವನ್ನೂ ಮಾತ್ರೆಗಳ ಪಟ್ಟಿಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.